ಹೇಳಿದ್ದನ್ನಷ್ಟೇ ಬರೆಯಬೇಕಾಗಿದ್ದ ಕೈ

ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿಗೆ ಅಲ್ಲಿ ಗಡಿಯಾರದಮ್ಮ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಎದುರಿಗೆ ಅವಳು ಮೇಡಂ. ಆದರೆ ನೆಲಮಾಳಿಗೆಯ ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ‘ಗಡಿಯಾರದಮ್ಮ ಬಂದ್ರು’ ಎಂಬ ಪಿಸುಮಾತು ಒಗೆಯುವ ಯಂತ್ರಗಳ ಹತ್ತಿರ ಹುಟ್ಟಿ, ಇಸ್ತ್ರಿಯ ರೋಲರು ದಾಟಿ, ಮಡಚುವ ಮೇಜಿನ ತನಕ ಅವಳಿಗಿಂತ ಮೊದಲೇ ಹೋಗಿ ಮುಟ್ಟುತ್ತಿತ್ತು. ಅವಳಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದಳು. ಒಳಗೊಳಗೆ ಹಿಗ್ಗುತ್ತಿದ್ದಳು ಎಂದರೂ ಸುಳ್ಳಲ್ಲ.

ಮಡಚುವ ಮೇಜಿನ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಬೆಡ್‌ಶೀಟಿನ ಎರಡು ಮೂಲೆ ಒಬ್ಬರು, ಎರಡು ಮೂಲೆ ಇನ್ನೊಬ್ಬರು ಹಿಡಿಯಬೇಕು. ಜಗ್ಗಬೇಕು, ಒದರಬೇಕು, ಆಮೇಲೆ ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬರಬೇಕು. ಒಬ್ಬರು ತಡ ಮಾಡಿದರೆ ಇನ್ನೊಬ್ಬರು ಕೈಯಲ್ಲಿ ಎರಡು ಮೂಲೆ ಹಿಡಿದುಕೊಂಡು ಪೆಚ್ಚುಪೆಚ್ಚಾಗಿ ನಿಂತಿರಬೇಕು, ಮೇಲಿನ ವಾರ್ಡಿನಲ್ಲಿ ಯಾರೋ ರೋಗಿ ಬರೀ ಹಾಸಿಗೆಯ ಮೇಲೆ ಮಲಗಿರಬೇಕು. ಹಾಗಾಗಿ ಗಡಿಯಾರದಮ್ಮನ ಶಾಸ್ತ್ರದಲ್ಲಿ ತಡವಾಗಿ ಬರುವುದಕ್ಕೆ ಕ್ಷಮೆ ಇರಲಿಲ್ಲ. ಮೊದಲ ಸಲ ನೋಟಿಸು, ಎರಡನೆಯ ಸಲ ಸಂಬಳ ಕಡಿತ, ಮೂರನೆಯ ಸಲ ಮನೆ. ಮಧ್ಯಾಹ್ನದ ಪಾಳಿಗೆ ಯಾವಾಗಲೂ ಜನ ಸಾಲದೆ ಅವಳು ಮೇಲಿನವರ ಹತ್ತಿರ ಗೋಗರೆಯುತ್ತಿದ್ದಳು, ಅದು ಬೇರೆ ಮಾತು. ಬೆಳಗಿನ ಪಾಳಿ ಮಾತ್ರ ಗೆರೆ ಎಳೆದ ಹಾಗೆ ನಡೆಯುತ್ತಿತ್ತು.

ಈ ಶಾಸ್ತ್ರದ ಪ್ರಕಾರವೇ ಒಬ್ಬಳನ್ನು ಮನೆಗೆ ಕಳಿಸಿದ್ದಳು. ನೀಳ ತೋಳಿನ, ಎತ್ತರದ ಹೆಂಗಸು. ಎಲ್ಲರ ಬಾಯಲ್ಲೂ ಉದ್ದಕ್ಕ. ಅವಳು ಶೀಟಿನ ಮೂಲೆ ಹಿಡಿದು ಒಂದು ಸಲ ಒದರಿದರೆ ಸುಕ್ಕು ಹೇಳದೆ ಕೇಳದೆ ಓಡಿಹೋಗುತ್ತಿತ್ತು. ಮೂರನೆಯ ನೋಟಿಸು ಕೈಗೆ ಕೊಟ್ಟಾಗ ಉದ್ದಕ್ಕ ಅಳಲಿಲ್ಲ, ಕೂಗಾಡಲಿಲ್ಲ. “ಮೇಡಂ, ಒಂದೇ ಒಂದು ಮಾತು…” ಎಂದಳು.

“ಕಾರಣ ಎಲ್ಲರಿಗೂ ಇರುತ್ತೆ ಕಣಮ್ಮ. ಹೊರಡು” ಎಂದಳು ಗಡಿಯಾರದಮ್ಮ.

ಅಂದು ಸಂಜೆ ಮನೆಯಲ್ಲಿ ಗಂಡನ ಮುಂದೆ ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿದಳು. ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಜೀವಮಾನವೆಲ್ಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿಯೇ ಬಂದವನು. “ಏನು ಮಾತು ಅಂತ ಕೇಳಬಹುದಿತ್ತಲ್ಲೇ” ಎಂದ.

“ಒಬ್ಬಳನ್ನ ಕೇಳಿದ್ರೆ ನಾಳೆ ಹತ್ತು ಜನ ಕಥೆ ಕಟ್ಕೊಂಡು ಬರ್ತಾರೆ.”

“ಬರ್ಲಿ ಬಿಡು. ಟಿವಿಯಲ್ಲಿ ಬರೋ ಕಥೆಗಿಂತ ಚೆನ್ನಾಗಿರತ್ತೆ” ಎಂದು ಅವನು ಪೇಪರು ಬಿಡಿಸಿದ. ಮಾತು ಅಲ್ಲಿಗೆ ಮುಗಿಯಿತು. ಅವಳ ಮನಸ್ಸಿನಲ್ಲಿ ಮುಗಿಯಿತೇ ಇಲ್ಲವೇ ಎಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಆಸ್ಪತ್ರೆಯ ಮುಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಟೆಲಿಫೋನ್ ಆಪರೇಟರ್ ಕೂರುತ್ತಿದ್ದ. ಹುಟ್ಟಿನಿಂದ ಕಣ್ಣಿಲ್ಲದವನು, ಮೂವತ್ತು ದಾಟಿದ ವಯಸ್ಸು. ಆಸ್ಪತ್ರೆಯ ಅಷ್ಟೂ ನಂಬರು ಅವನ ಬೆರಳ ತುದಿಯಲ್ಲಿ. ಗಡಿಯಾರದಮ್ಮ ಬಾಗಿಲು ದಾಟಿದರೆ ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿದು, “ಅಕ್ಕ ಬಂದ್ರು, ಎಲ್ಲರೂ ಗಡಿಯಾರ ಸರಿ ಮಾಡ್ಕೊಳ್ಳಿ” ಎನ್ನುತ್ತಿದ್ದ. ಆ ಹೆಸರಿನ ಮೇಲೆ ಅವಳ ಮುಖಕ್ಕೇ ತಮಾಷೆ ಮಾಡಿ ದಕ್ಕಿಸಿಕೊಂಡವನು ಅವನೊಬ್ಬನೇ. ಅವನು ಅಂಚೆಯ ಮೂಲಕ ಪದವಿಗೆ ಓದುತ್ತಿದ್ದ. ಪದವಿ ಸಿಕ್ಕರೆ, ಬಂದವರಿಗೆ ಮಾಹಿತಿ ಕೊಡುವ ಆಸ್ಪತ್ರೆಯ ವಿಚಾರಣಾ ವಿಭಾಗಕ್ಕೆ ಮೇಲ್ವಿಚಾರಕನಾಗುವ ಅವಕಾಶವಿತ್ತು. ಊಟದ ಬಿಡುವಿನಲ್ಲಿ ಅವಳು ಅವನ ಪಕ್ಕ ಕುರ್ಚಿ ಎಳೆದುಕೊಂಡು ಅವನ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ, ಅಕ್ಕ ಅಕ್ಕ ಎಂದು ಬಾಯಿ ತುಂಬ ಕರೆಯುವ ಅವನ ಮೇಲೆ ಜೀವ.

ಕೊನೆಯ ವರ್ಷದ ಪರೀಕ್ಷೆ ಬಂದಾಗ ಅವನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕಾದರು. ಹಾಗೆ ಬರೆಯುವವರು ಪರೀಕ್ಷೆ ಕಟ್ಟಿದವನಿಗಿಂತ ಕಡಿಮೆ ಓದಿದವರಾಗಿರಬೇಕು ಎಂಬುದು ನಿಯಮ. ಇಲ್ಲದಿದ್ದರೆ ಇವನ ಪರೀಕ್ಷೆ ಅವರು ಬರೆದುಬಿಟ್ಟಾರು ಎಂಬ ಹೆದರಿಕೆ. ಗಡಿಯಾರದಮ್ಮ ಹತ್ತನೆಯ ತರಗತಿಗೆ ಪುಸ್ತಕ ಮುಚ್ಚಿದವಳು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

“ನೀವು ಬರೀ ನನ್ನ ಕೈ ಅಕ್ಕ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೆದ್ರೆ ಸಾಕು. ನಾನು ತಪ್ಪು ಹೇಳಿದ್ರೂ ತಪ್ಪನ್ನೇ ಬರೀಬೇಕು” ಎಂದ.

“ಅಷ್ಟೂ ಗೊತ್ತಾಗಲ್ವೇನಪ್ಪ ನಂಗೆ?” ಎಂದಳು.

ಮೊದಲ ಮೂರು ಪರೀಕ್ಷೆ ಹಾಗೇ ನಡೆದವು. ಇತರರಿಗೆ ತೊಂದರೆಯಾಗಬಾರದೆಂದು ಇವರಿಬ್ಬರಿಗೆ ಬೇರೆ ಕೋಣೆ. ಬಾಗಿಲಲ್ಲಿ ಆಕಳಿಸುತ್ತ ಕೂತ ಒಬ್ಬ ಮೇಷ್ಟ್ರು. ಸಾಹಿತ್ಯದ ದಿನ ಅವನು ಒಂದು ಕವಿತೆಯ ಬಗ್ಗೆ ಹೇಳುತ್ತಿದ್ದರೆ ಅವಳಿಗೆ ಕೇಳುತ್ತ ಕೇಳುತ್ತ ಬರೆಯುವುದೇ ಮರೆತುಹೋಗುತ್ತಿತ್ತು. ಇತಿಹಾಸದ ದಿನ ಅವನು ಇಬ್ಬರು ರಾಜರನ್ನು ಅದಲು ಬದಲು ಮಾಡಿದ. ಪುಸ್ತಕ ಓದಿದವಳೇ ಅವಳಾದ್ದರಿಂದ ತಪ್ಪು ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡು ತಪ್ಪನ್ನೇ ಬರೆದಳು. ಸಮಾಜಶಾಸ್ತ್ರ ನೀರು ಕುಡಿದಷ್ಟು ಸಲೀಸಾಯಿತು. ಉಳಿದದ್ದು ನಾಲ್ಕನೆಯದು, ಕೆಲಸದ ಸ್ಥಳದ ನಿರ್ವಹಣೆ.

ಅದರ ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಹೆಚ್ಚು ಅಂಕದ್ದು. ಅವಳೇ ಓದಿ ಹೇಳಿದಳು: ‘ನಿಮ್ಮ ಕೈಕೆಳಗಿನ ಕೆಲಸಗಾರನೊಬ್ಬ ಪದೇ ಪದೇ ತಡವಾಗಿ ಬರುತ್ತಿದ್ದಾನೆ. ಮೇಲ್ವಿಚಾರಕರಾಗಿ ನೀವು ಏನು ಮಾಡುವಿರಿ? ವಿವರಿಸಿ.’ ಓದುವಾಗ ಅವಳಿಗೆ ನಗು ಬಂತು. ಇದು ತನ್ನ ಪ್ರಶ್ನೆ, ಇವನ ಪೇಪರಿಗೆ ಹೇಗೆ ಬಂತು ಎಂದುಕೊಂಡಳು.

ಅವನು ಸ್ವಲ್ಪ ಯೋಚಿಸಿ, ನಿಧಾನವಾಗಿ ಹೇಳತೊಡಗಿದ. “ತಡವಾಗಿ ಬರುವವನು ಸೋಮಾರಿಯೇ ಆಗಿರಬೇಕಿಲ್ಲ. ತಡವಾಗಿಯಾದರೂ ಅವನು ಬರುತ್ತಿದ್ದಾನೆ ಎಂಬುದನ್ನು ಮೊದಲು ಗಮನಿಸಬೇಕು. ಮೇಲ್ವಿಚಾರಕ ಅವನಿದ್ದಲ್ಲಿಗೆ ಹೋಗಿ ಕೇಳಬೇಕು. ಕಾರಣ ಕೇಳದೆ ಕೊಡುವ ಶಿಕ್ಷೆ ನಿರ್ವಹಣೆಯಲ್ಲ, ಅದು ಮೇಲ್ವಿಚಾರಕನ ಭಯ. ಕಾರಣ ತಿಳಿದರೆ ತಾನೂ ಏನಾದರೂ ಮಾಡಬೇಕಾಗುತ್ತದೆ ಎಂಬ ಭಯ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಡಿಯಾರದಮ್ಮನ ಹೆಗಲು ಉರಿಯಿತು. ಇವನಿಗೆ ಉದ್ದಕ್ಕನ ವಿಷಯ ಗೊತ್ತಿತ್ತೇ? ಇರಲಿಕ್ಕಿಲ್ಲ. ಗೊತ್ತಿದ್ದರೆ ಅವನು ನೇರವಾಗಿ ಕೇಳುವವನು, ಚುಚ್ಚುವವನಲ್ಲ. ಆದರೂ ಪೆನ್ನು ಮುಂದಕ್ಕೆ ಹೋಗಲಿಲ್ಲ. ಸಂಬಳ ಎಣಿಸಿ ಜನರಿಂದ ಕೆಲಸ ಮಾಡಿಸಿ ನೋಡಿದವನಲ್ಲ ಇವನು, ಕುರ್ಚಿಯಲ್ಲಿ ಕೂತು ಏನು ಬೇಕಾದರೂ ಹೇಳಬಹುದು. ಇಂಥ ಉಪದೇಶಕ್ಕೆ ಅಂಕ ಕೊಡುವ ಮೂರ್ಖ ಯಾರು. ಇವನ ಒಳ್ಳೆಯದಕ್ಕೇ ತಾನು… ಹೀಗೆ ಒಂದರ ಹಿಂದೆ ಒಂದು ನೆಪ ತಾವಾಗಿ ಬಂದು ಸಾಲು ನಿಂತವು. ನೆಪಗಳು ಎಂದೂ ತಡವಾಗಿ ಬರುವುದಿಲ್ಲ. ಅವಳು ತನ್ನ ದುಂಡು ಅಕ್ಷರದಲ್ಲಿ ಬರೆದಳು: ‘ಮೊದಲು ನೋಟಿಸು ಕೊಡುತ್ತೇನೆ. ಎರಡನೆಯ ಸಲ ಸಂಬಳ ಕಡಿಯುತ್ತೇನೆ. ಮೂರನೆಯ ಸಲ ಕೆಲಸದಿಂದ ತೆಗೆಯುತ್ತೇನೆ. ಕಾರಣ ಎಲ್ಲರಿಗೂ ಇರುತ್ತದೆ.’ ಅವನು ಇನ್ನೂ ಹೇಳುತ್ತಲೇ ಇದ್ದ, ಇವಳ ಪೆನ್ನು ಸುಮ್ಮನೆ ಆ ಅಕ್ಷರಗಳನ್ನೇ ತಿದ್ದುತ್ತಿತ್ತು.

“ಅಕ್ಕ, ಕೊನೇ ಉತ್ತರ ಒಂದ್ಸಲ ಓದಿ ನೋಡೋಣ” ಎಂದ ಅವನು.

ಅವಳು ಆಗಲಾದರೂ ಹೊಡೆದುಹಾಕಿ ಬರೆಯಬಹುದಿತ್ತು. ಬರೆಯಲಿಲ್ಲ. ಕಣ್ಣು ತನ್ನ ನಾಲ್ಕು ಸಾಲಿನ ಮೇಲೆ ನೆಟ್ಟು, ಬಾಯಿಂದ ಅವನ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ತಡವಾಗಿ ಬರುವವನು ಸೋಮಾರಿಯೇ ಆಗಿರಬೇಕಿಲ್ಲ ಎಂಬಲ್ಲಿಂದ ಹಿಡಿದು ಕೊನೆಯ ತನಕ. ಬಾಗಿಲಲ್ಲಿದ್ದ ಮೇಷ್ಟ್ರು ಮತ್ತೊಮ್ಮೆ ಆಕಳಿಸಿದರು. ಕಣ್ಣಿದ್ದ ಅವರೂ ಏನನ್ನೂ ನೋಡಲಿಲ್ಲ.

“ಚೆನ್ನಾಗಿದೆ, ಅಲ್ವಾ ಅಕ್ಕ?” ಎಂದು ಅವನು ನಕ್ಕ.

“ಚೆನ್ನಾಗಿದೆ” ಎಂದಳು. ಅದೊಂದು ಮಾತ್ರ ನಿಜ.

ಫಲಿತಾಂಶ ಬಂತು. ಮೂರರಲ್ಲಿ ಒಳ್ಳೆಯ ಅಂಕ. ನಾಲ್ಕನೆಯದರಲ್ಲಿ ಮಾತ್ರ ಪಾಸು ಸ್ವಲ್ಪದರಲ್ಲಿ ತಪ್ಪಿಹೋಗಿತ್ತು. ಅಷ್ಟು ದೊಡ್ಡ ಪ್ರಶ್ನೆಗೆ ನಾಲ್ಕು ಸಾಲು ಬರೆದರೆ ಯಾರು ತಾನೇ ಪಾಸು ಮಾಡುತ್ತಾರೆ? ವಿಚಾರಣಾ ವಿಭಾಗದ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಬೇರೊಬ್ಬರನ್ನು ಕೂರಿಸಿದರು. ಮರುಪರೀಕ್ಷೆಯಲ್ಲೂ ಪಾಸಾಗದಿದ್ದರೆ ಅವರೇ ಕಾಯಂ ಎಂದರು.

ಆಪರೇಟರ್ ತಾನಾಗಿ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದ. ಅವಳು ಕುರ್ಚಿ ಸರಿಸಿ ಕೂರಿಸಿದಳು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದಳು.

ಅವನೇ ಮೊದಲು ಮಾತಾಡಿದ. “ತಪ್ಪು ನಂದೇ ಅಕ್ಕ. ಕೊನೇ ಪ್ರಶ್ನೆಗೆ ನನ್ನ ಸ್ವಂತ ಬುದ್ಧಿ ಓಡಿಸಿದೆ. ಯಾರನ್ನೂ ಆಳದವನಿಗೆ ಆಳೋ ವಿಷಯ ಏನು ಗೊತ್ತಿರತ್ತೆ? ನೀವು ಇಷ್ಟು ವರ್ಷ ಜನರನ್ನ ನಡೆಸಿದವರು. ನೀವು ಹೇಗೆ ಮಾಡ್ತೀರಿ ಹೇಳಿಕೊಡಿ. ಅದನ್ನೇ ಬಾಯಿಪಾಠ ಮಾಡ್ತೀನಿ.”

ತೆರೆದ ಬಾಯಿ ಅವಳಿಗೆ ಮುಚ್ಚಲೂ ಆಗಲಿಲ್ಲ. ಆ ಕ್ಷಣದಲ್ಲಿ ಅವಳು ನಿಜ ಹೇಳಬಹುದಿತ್ತು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡಬಹುದು. ಹೇಳಿದರೆ ಅವನು ಮತ್ತೆ ಅಕ್ಕ ಎಂದು ಕರೆಯುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ನೋಟಿಸಿನ ಕ್ರಮ, ಸಂಬಳ ಕಡಿತದ ಲೆಕ್ಕ, ಕೆಲಸದಿಂದ ತೆಗೆಯುವ ವಿಧಾನ, ಎಲ್ಲವನ್ನೂ ಅವನಿಗೆ ಒಂದೊಂದಾಗಿ ಹೇಳಿಕೊಟ್ಟಳು. ಅವನು ಭಕ್ತಿಯಿಂದ ಕೇಳಿಸಿಕೊಂಡ.

ಆ ದಿನಗಳಲ್ಲಿ ಅವಳು ಊಟದ ತಟ್ಟೆಯ ಮುಂದೆ ಕೂತರೆ ಎದ್ದೇಳುವುದೇ ಇಲ್ಲ, ತಿನ್ನುವುದೂ ಇಲ್ಲ. “ಏನೇ ಆಗಿದೆ ನಿಂಗೆ? ಗಡಿಯಾರಕ್ಕೆ ಕೀಲಿ ಕೊಡೋದು ಮರೆತ್ಯಾ?” ಎಂದು ಗಂಡ ಕೆಣಕಿದ. ಎಂದಿನಂತೆ ಅವಳು ತಿರುಗಿ ಜಗಳಕ್ಕೆ ಬರಲಿಲ್ಲ. ಆಗ ಅವನಿಗೂ ಗಾಬರಿಯಾಯಿತು.

ಮರುಪರೀಕ್ಷೆಯ ದಿನ ಅದೇ ಕೋಣೆ, ಬಾಗಿಲಲ್ಲಿ ಬೇರೆ ಮೇಷ್ಟ್ರು. ಪ್ರಶ್ನೆಪತ್ರಿಕೆ ಮಾಡುವವರಿಗೂ ಸೋಮಾರಿತನ ಇರುತ್ತದೆ. ‘ಕೆಲಸಗಾರ’ ಇದ್ದಲ್ಲಿ ‘ನೌಕರ’ ಎಂದು ಬದಲಿಸಿ ಅದೇ ಪ್ರಶ್ನೆ ಕೊಟ್ಟಿದ್ದರು. ಅವನು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ಮೊದಲು ನೋಟಿಸು. ಅದಕ್ಕೆ ಸಹಿ ಪಡೆಯುವ ಕ್ರಮ. ಆಮೇಲೆ ಕಡಿತ. ಆಮೇಲೆ ವಜಾ. ಪುಸ್ತಕದ ಉಪಶೀರ್ಷಿಕೆಗಳ ಸಮೇತ ಪುಟಗಟ್ಟಲೆ ಹೇಳಿದ. ಕೊನೆಗೆ, “ಬರ್ಕೊಳ್ಳಿ ಅಕ್ಕ. ಕಾರಣ ಎಲ್ಲರಿಗೂ ಇರುತ್ತದೆ” ಎಂದ.

ತನ್ನ ಮಾತು ಅವನ ಬಾಯಲ್ಲಿ ಕೇಳಿ ಅವಳ ಪೆನ್ನು ನಿಂತಿತು. ಎದ್ದು ಮೇಷ್ಟ್ರಿಗೆ ಎಲ್ಲ ಹೇಳಿದರೆ ಅವನ ಪರೀಕ್ಷೆಯೇ ರದ್ದಾಗುತ್ತದೆ. ಈ ಉತ್ತರ ಬಿಟ್ಟು ಅವನ ಹಳೆಯ ಉತ್ತರ ಬರೆಯೋಣವೆಂದರೆ ಅದೇ ಕಳ್ಳತನ ಎರಡನೆಯ ಸಲ. ಈ ಬಾರಿ ಅವಳು ನಿಜವಾಗಿಯೂ ಬರೀ ಕೈಯಾದಳು. ಒಂದಕ್ಷರ ಆಚೀಚೆ ಮಾಡದೆ ಬರೆದಳು. ಅವನು ಪಾಸಾದ, ಕುರ್ಚಿಯೂ ಸಿಕ್ಕಿತು. ಆಸ್ಪತ್ರೆಯವರೆಲ್ಲ ಅವನ ಕೈ ಕುಲುಕುವಾಗ ಅವನು, “ಇದೆಲ್ಲ ಅಕ್ಕನ ಪುಣ್ಯ” ಎಂದು ಎಲ್ಲರ ಮುಂದೆ ಹೇಳಿದ. ಅವಳು ಆ ಗುಂಪಿನಿಂದ ಹೇಗೆ ತಪ್ಪಿಸಿಕೊಂಡು ಬಂದಳೋ ಅವಳಿಗೇ ಗೊತ್ತಿಲ್ಲ.

ಬಿಸಿ ತುಪ್ಪವನ್ನು ಎಷ್ಟು ದಿನ ಬಾಯಲ್ಲಿಟ್ಟುಕೊಂಡಿರಲು ಸಾಧ್ಯ? ನುಂಗುವುದನ್ನು ಕಲಿತೆ ಎಂದುಕೊಳ್ಳುವಷ್ಟರಲ್ಲಿ, ಒಂದು ಬೆಳಿಗ್ಗೆ ಅವನು ಮತ್ತೆ ಲಾಂಡ್ರಿಗೆ ಬಂದ. ಹೊಸ ಷರ್ಟು, ಎದೆಗೆ ಹೊಸ ಬ್ಯಾಡ್ಜು.

“ಅಕ್ಕ, ನಿಮ್ಮ ನೋಟಿಸಿನ ನಮೂನೆ ಒಂದು ಬೇಕಿತ್ತು. ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ದಿನಾ ತಡ. ಮಾತು ಒಳ್ಳೇದು, ಕೆಲಸಾನೂ ಒಳ್ಳೇದೇ. ಆದರೆ ನೀವೇ ಹೇಳಿದ್ರಲ್ಲ, ಒಬ್ಬರನ್ನ ಬಿಟ್ರೆ ಹತ್ತು ಜನ…”

“ಅವಳನ್ನ ಕೇಳಿದ್ಯಾ?” ಎಂದಳು ಗಡಿಯಾರದಮ್ಮ.

“ಏನು ಕೇಳೋದು? ಕಾರಣ ಎಲ್ಲರಿಗೂ ಇರುತ್ತೆ.”

ನಮೂನೆ ಅವಳ ಮೇಜಿನ ಮೇಲಿನ ಖಾನೆಯಲ್ಲೇ ಇತ್ತು. ಅವಳು ಖಾನೆ ಎಳೆಯಲಿಲ್ಲ. ಒಣಗಿಸುವ ಯಂತ್ರದ ಗುಡುಗಿನಲ್ಲಿ ಬೇರೆ ಯಾರಿಗೂ ಕೇಳದ ಹಾಗೆ, ಆದರೆ ಅವನಿಗೆ ಕೇಳುವ ಹಾಗೆ, ಎಲ್ಲವನ್ನೂ ಹೇಳಿದಳು. ಅವನು ಹೇಳಿದ್ದನ್ನು ಬರೆಯದೆ ತನ್ನದನ್ನು ಬರೆದದ್ದು. ಬರೆಯದ್ದನ್ನು ಓದಿ ಕೇಳಿಸಿದ್ದು. ಅವನು ತಪ್ಪು ನಂದೇ ಎಂದಾಗ ಸುಮ್ಮನಿದ್ದದ್ದು. ಉದ್ದಕ್ಕನನ್ನೂ ಬಿಡಲಿಲ್ಲ. ಹೇಳುವಾಗ ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನಿಸಿತ್ತು.

ಅವನು ಕುರ್ಚಿಯಲ್ಲಿ ಕೂತು ಕೊನೆಯ ತನಕ ಕೇಳಿಸಿಕೊಂಡ. ಆಮೇಲೆ, “ಹಾಗಾದ್ರೆ ಮೊದಲ ಸಲ ಫೇಲಾಗಿದ್ದು ನಾನಲ್ಲ” ಎಂದ.

“ಅಲ್ಲಪ್ಪ.”

“ಎರಡನೇ ಸಲ ಪಾಸಾಗಿದ್ದೂ ನಾನಲ್ಲ.”

ಅವನು ಎದೆಯ ಬ್ಯಾಡ್ಜನ್ನು ಬೆರಳಲ್ಲಿ ತಡವಿದ.

“ನಾನವತ್ತು ಏನು ಹೇಳಿದ್ದೆ? ನಂಗೇ ಮರೆತುಹೋಗಿದೆ. ತಪ್ಪು ಅಂದ್ಕೊಂಡು ತಲೆಯಿಂದ ತೆಗೆದುಹಾಕ್ಬಿಟ್ಟೆ.”

ಅವಳಿಗೆ ಮರೆತಿರಲಿಲ್ಲ. ಅಂದು ಕಾಗದದ ಮೇಲೆ ಇಲ್ಲದ್ದನ್ನು ಓದಿದವಳು, ಅಂದಿನಿಂದ ಮಲಗುವಾಗ ಏಳುವಾಗ ಅದನ್ನೇ ಓದುತ್ತಿದ್ದಳು. “ತಡವಾಗಿ ಬರುವವನು ಸೋಮಾರಿಯೇ ಆಗಿರಬೇಕಿಲ್ಲ” ಎಂದು ಶುರು ಮಾಡಿದಳು. “ತಡವಾಗಿಯಾದರೂ ಅವನು ಬರುತ್ತಿದ್ದಾನೆ ಎಂಬುದನ್ನು ಮೊದಲು ಗಮನಿಸಬೇಕು. ಮೇಲ್ವಿಚಾರಕ ಅವನನ್ನು ಕರೆಸಿ ಕೇಳಬೇಕು…”

“ಇಲ್ಲ” ಎಂದು ಅವನು ತಡೆದ. ಮುಖ ಅವಳ ಕಡೆಗೆ ತಿರುಗಿತ್ತು. “ಕರೆಸಿ ಅಂತ ನಾನು ಹೇಳಿರೋಕೆ ಸಾಧ್ಯ ಇಲ್ಲ. ಹೋಗಿ ಕೇಳಬೇಕು ಅಂದಿರ್ತೀನಿ. ಕರೆಸಿದ್ರೆ ಯಾರು ನಿಜ ಹೇಳ್ತಾರೆ ಅಕ್ಕ? ಜೀವಮಾನ ಪೂರ್ತಿ ಎಲ್ಲರೂ ನನ್ನನ್ನ ಕರೆಸೇ ಮಾತಾಡಿದ್ದಾರೆ.”

ಹೌದು, ಹೋಗಿ ಎಂದೇ ಹೇಳಿದ್ದ. ಅಷ್ಟು ಪಶ್ಚಾತ್ತಾಪದ ನಡುವೆಯೂ, ತನಗೆ ಗೊತ್ತಿಲ್ಲದೆಯೇ, ಅವಳು ಅವನ ಮಾತನ್ನು ತನ್ನ ಕುರ್ಚಿಗೆ ಅನುಕೂಲವಾಗುವಂತೆ ತಿದ್ದಿಕೊಂಡಿದ್ದಳು. ಅವಳಿಗೆ ತನ್ನ ಬಗ್ಗೆ ಎಂದೂ ಆಗದಷ್ಟು ನಾಚಿಕೆಯಾಯಿತು.

ಅವನು ಎದ್ದ. ಕೈ ಹಿಡಿಯಲು ಹೋದವಳಿಗೆ, “ಬೇಡ, ಗೋಡೆ ಇದೆ” ಎಂದ. ಬಾಗಿಲಲ್ಲಿ ನಿಂತು, “ನಾಳೆಯಿಂದ ನಂಗೆ ಕಾಗದಪತ್ರ ಬೇರೆ ಯಾರಾದ್ರೂ ಓದ್ಲಿ ಮೇಡಂ” ಎಂದ. ಕೋಪದಿಂದ ಹೇಳಿದ್ದಲ್ಲ. ಕೋಪವಿದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಮೇಡಂ ಎಂಬ ಮಾತು ಅವಳಿಗೆ ಅಷ್ಟು ಕೆಟ್ಟದಾಗಿ ಎಂದೂ ಕೇಳಿಸಿರಲಿಲ್ಲ.

ನೋಟಿಸಿನ ನಮೂನೆಯನ್ನು ಅವನು ಮತ್ತೆ ಕೇಳಲಿಲ್ಲ. ವಿಚಾರಣೆಯ ಆ ಹುಡುಗಿ ಇನ್ನೂ ಕೆಲಸದಲ್ಲಿದ್ದಾಳೆ ಎಂಬುದಷ್ಟೇ ಗಡಿಯಾರದಮ್ಮನಿಗೆ ತಿಳಿದದ್ದು.

ಉದ್ದಕ್ಕ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ ಎಂದು ಮಡಚುವ ಮೇಜಿನವರಿಗೆಲ್ಲ ಗೊತ್ತಿತ್ತು. ಗಡಿಯಾರದಮ್ಮ ಕೇಳಿದಾಗ ಅವರು ಮುಖ ಮುಖ ನೋಡಿಕೊಂಡು ವಿಳಾಸ ಹೇಳಿದರು. ಅವಳು ಅರ್ಧ ದಿನ ರಜೆ ಹಾಕಿದಳು. “ಬಸ್ಸು ಸಿಕ್ಕಿಹಾಕ್ಕೊಂಡ್ರೆ ತಡ ಆಗತ್ತೆ, ಬೈಬೇಡ ಡ್ರೈವರನ್ನ” ಎಂದು ಗಂಡ ಕಳಿಸಿಕೊಟ್ಟ.

ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿ ಬಿಸಾಡಿ ಹೋದದ್ದನ್ನೆಲ್ಲ ಉದ್ದಕ್ಕ ಒಬ್ಬಳೇ ಮಡಚುತ್ತಿದ್ದಳು. ಕೂದಲು ನರೆತಿತ್ತು, ತೋಳು ಮಾತ್ರ ಹಾಗೇ ಇತ್ತು. ತಲೆಯೆತ್ತಿ ನೋಡಿ ಗುರುತು ಹಿಡಿದಳು. ಕೈ ನಿಲ್ಲಿಸಲಿಲ್ಲ.

“ಏನು ಬೇಕಿತ್ತು ಮೇಡಂ?”

“ಏನೂ ಬೇಡ. ಅವತ್ತು ಒಂದು ಮಾತು ಅಂದಿದ್ದೆ. ಏನು ಅಂತ ಕೇಳೋಕೆ ಬಂದೆ.”

ಉದ್ದಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ನಗುತ್ತಾಳೋ ಬೈಯುತ್ತಾಳೋ ತಿಳಿಯಲಿಲ್ಲ. ರಾಶಿಯಿಂದ ಒಂದು ಡಬಲ್ ಬೆಡ್‌ಶೀಟು ಎಳೆದು, ಎರಡು ಮೂಲೆಗಳನ್ನು ಅವಳ ಕಡೆಗೆ ಚಾಚಿದಳು. “ಸುಮ್ನೆ ನಿಂತಿದ್ದೀರಲ್ಲ, ಆ ಕಡೆ ಹಿಡೀರಿ” ಎಂದಳು.

ಗಡಿಯಾರದಮ್ಮ ಹಿಡಿದಳು. ಇಬ್ಬರೂ ಜಗ್ಗಿದರು.

“ಅತ್ತೆಗೆ ಲಕ್ವ ಹೊಡೆದಿತ್ತು” ಎಂದಳು ಉದ್ದಕ್ಕ. “ಒಬ್ಬರನ್ನೇ ಬಿಟ್ಟು ಬರೋ ಹಾಗಿರ್ಲಿಲ್ಲ. ಪಕ್ಕದ ಮನೆಯವಳು ರಾತ್ರಿ ಪಾಳಿ ಮುಗಿಸಿ ಬಂದು ಕೂತ್ಕೊಂಡ ಮೇಲೆ ನಾನು ಹೊರಡ್ತಿದ್ದೆ. ಅವಳಿಗೆ ತಡ ಆದ ದಿನ ನಂಗೂ ತಡ.” ಒಮ್ಮೆ ಒದರಿದಳು, ಸುಕ್ಕು ಹೋಯಿತು. “ಮಧ್ಯಾಹ್ನದ ಪಾಳಿಗೆ ಹಾಕಿ ಅಂತ ಕೇಳೋಣ ಅಂತಿದ್ದೆ. ಅಲ್ಲಿ ಜನ ಬೇಕು ಅಂತ ನೀವೇ ಹೇಳ್ತಿದ್ರಲ್ಲ.”

ಉದ್ದಕ್ಕ ನಡೆದು ಬಂದು ಅವಳ ಕೈಯಿಂದ ಮೂಲೆಗಳನ್ನು ತೆಗೆದುಕೊಂಡಳು. ಶೀಟು ಮಡಚಿ ಮುಗಿದಿತ್ತು.

“ಇಷ್ಟೇನಾ?” ಎಂದಳು ಗಡಿಯಾರದಮ್ಮ.

“ಇಷ್ಟೇ” ಎಂದಳು ಉದ್ದಕ್ಕ, ಮುಂದಿನ ಶೀಟಿಗೆ ಕೈ ಹಾಕುತ್ತ. “ಅವತ್ತೂ ಇಷ್ಟೇ ಇತ್ತು.”